ತೂಕವಿಲ್ಲದ ಎಣ್ಣೆ

ಫೋಂಡಾ ಹತ್ತಿರದ ಕುಂಡಯಿಯಲ್ಲಿ, ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಪ್ರೆಸ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕಂಠೆಪ್ಪ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಬಾದಾಮಿ ಕಡೆಯವನು. ಇಂಗ್ಲಿಷ್ ಓದಲು ಬಾರದು; ಆದರೆ ಪೈಪಿನ ಮೇಲೆ ಅಂಗೈ ಇಟ್ಟು ಒಳಗೆ ಎಣ್ಣೆ ಹೇಗೆ ಓಡುತ್ತಿದೆ ಎಂದು ಹೇಳಬಲ್ಲ. ಮೂರು ವರ್ಷದ ಹಿಂದೆ ಎಂಜಿನಿಯರಾಗಿ ಬಂದ ಮಲ್ಲಿಕಾ, ಫೋಂಡಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಧಾರವಾಡದವರ ಮಗಳು. ಕನ್ನಡ ಮಾತಾಡುವವರು ಸಿಕ್ಕ ಖುಷಿಗೆ ಮೊದಲ ವಾರವೇ ಅವನನ್ನು ಕಾಕಾ ಎಂದಳು. ಮಧ್ಯಾಹ್ನದ ಬುತ್ತಿ ಇಬ್ಬರೂ ಒಟ್ಟಿಗೆ ಬಿಚ್ಚುತ್ತಿದ್ದರು.

ಯಂತ್ರದೊಳಗಿನ ಎಣ್ಣೆಯ ಒತ್ತಡ ಎಷ್ಟೆಷ್ಟು ಏರುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ಅವಳ ಕೆಲಸ. ಹೊಸ ಪ್ರೆಸ್ ಒಂದರಲ್ಲಿ ಅವಳ ಲೆಕ್ಕಕ್ಕೂ ಒತ್ತಡ ಅಳೆಯುವ ಗೇಜಿನ ಮುಳ್ಳಿಗೂ ತಾಳೆಯಾಗಲೇ ಇಲ್ಲ. ಕಂಠೆಪ್ಪ ಅವಳನ್ನು ಯಂತ್ರದ ಹತ್ತಿರ ಕರೆದ.

"ಪೈಪಿನ ಮ್ಯಾಲೆ ಕೈ ಇಡ್ರಿ. ಈಗ ವಾಲ್ವ್ ಮುಚ್ಚತೇನಿ."

ಪೈಪು ಅವಳ ಅಂಗೈಗೆ ಒದ್ದಿತು.

"ಓಡೂ ಬಸ್ಸಿಗೆ ಬ್ರೇಕ್ ಹಾಕಿದ್ರ ಒಳಗಿನ ಮಂದಿ ಮುಂದ ಮುಗ್ಗರಸ್ತಾರಲ್ರಿ, ಹಂಗ. ಎಣ್ಣಿಗೂ ತೂಕ ಐತಿ. ಆರು ಮೀಟರ್ ಪೈಪಿನಾಗ ಓಡೂದು ಒಮ್ಮಿಗೇ ನಿಲ್ಲಂದ್ರ ಹೆಂಗ ನಿಲ್ಲತೈತಿ?"

ಅವಳ ಲೆಕ್ಕದಲ್ಲಿ ಎಣ್ಣೆಗೆ ತೂಕವೇ ಇರಲಿಲ್ಲ. ಎರಡು ದಿನ ಕೂತು ತಿದ್ದಿದಳು. ಹಳೆಯ ಗ್ರಾಫಿನಲ್ಲಿ ಗೆರೆ ನುಣ್ಣಗೆ ಏರಿ ಇನ್ನೂರು ಬಾರ್‌ಗೆ ನಿಲ್ಲುತ್ತಿತ್ತು. ಹೊಸದರಲ್ಲಿ ಮುನ್ನೂರೈವತ್ತಕ್ಕೆ ಜಿಗಿದು, ಗರಗಸದ ಹಲ್ಲಿನಂತೆ ಆಡಿ, ಆಮೇಲೆ ಇಳಿಯಿತು. ಗೇಜು ಹೇಳಿದ್ದೂ ಅದನ್ನೇ.

"ಕಾಕಾ, ಇದು ನಿಮ್ಮ ಗ್ರಾಫ್," ಎಂದು ನಕ್ಕಳು.

ಪೈಪು ಗಿಡ್ಡವಾಗಬೇಕು, ವಾಲ್ವು ನಿಧಾನವಾಗಿ ಮುಚ್ಚಬೇಕು ಎಂದು ಬರೆದೂ ಕೊಟ್ಟಳು. ಮ್ಯಾನೇಜರ್ ಯಶವಂತ, ಮುಂದಿನ ಪ್ರೆಸ್ಸಿಗೆ ನೋಡೋಣ ಎಂದು ಈ ಪ್ರೆಸ್ಸನ್ನು ಹಾಗೇ ಕುಡಚಡೆಯ ಗಿರಾಕಿಗೆ ಕಳಿಸಿಬಿಟ್ಟ.

ಎರಡು ತಿಂಗಳಲ್ಲಿ ಅಲ್ಲಿ, ಕಂಠೆಪ್ಪ ಬಿಗಿದಿದ್ದ ಅದರ ರಬ್ಬರ್ ಕೊಳವೆ, ಹೋಸ್, ಒಡೆಯಿತು. ಬಿಸಿ ಎಣ್ಣೆ ಚಿಮ್ಮಿ ಹಾರೂನ ಎಂಬ ಕೆಲಸಗಾರನ ಬಲಗೈ ಮೊಣಕೈವರೆಗೆ ಸುಟ್ಟಿತು.

ವಿಚಾರಣೆಯ ದಿನ ಯಶವಂತ ವರದಿ ಓದಿ ಹೇಳಿದ: ಹೋಸಿನ ತುದಿ ಸರಿಯಾಗಿ ಬಿಗಿದಿಲ್ಲ, ಫಿಟ್ಟರನ ತಪ್ಪು. ಕೆಳಗೆ ಮಲ್ಲಿಕಾಳ ಸಹಿ. ಅಕ್ಷರ ಓದಲಾಗದಿದ್ದರೂ ಕಂಠೆಪ್ಪ ಗ್ರಾಫನ್ನು ನೋಡಿದ. ಗೆರೆ ನುಣ್ಣಗೆ ಏರಿ ಸುಮ್ಮನೆ ನಿಂತಿತ್ತು.

"ಇದು ಹಳೇದು ಐತ್ರಿ, ಸಾಹೇಬ್ರ."

"ಗ್ರಾಫ್ ನಿನಗ ತಿಳೀತದೇನು?"

ಕಂಠೆಪ್ಪ ಮಲ್ಲಿಕಾಳ ಕಡೆ ತಿರುಗಿದ. ಅವಳು ತಲೆ ಎತ್ತಲಿಲ್ಲ.

"ಇದ ಸರಿ ಅದ ರೀ, ಸರ್," ಎಂದಳು.

ಸಂಜೆ ಗೇಟಿನ ಹತ್ತಿರ ಹಿಂದೆಯೇ ಬಂದಳು. "ಕಾಕಾ, ಪುಣೆ ಆಫೀಸಿಗೆ ಪ್ರಮೋಶನ್ ಮ್ಯಾಲೆ ನನ್ನ ಹೆಸರು ಕಳಸ್ಯಾರ. ನಿಮಗ ಬರೇ ಎರಡು ತಿಂಗಳ ಸಸ್ಪೆಂಡ್, ಕೆಲಸ ಹೋಗೂದಿಲ್ಲ ಅಂತ ಮಾತು ಕೊಟ್ಟಾರ."

"ಮೇಡಂ, ಆ ಪ್ರೆಸ್ ಇನ್ನೂ ನಡ್ಯಾಕತ್ತೈತೇನ್ರಿ?"

ಹೊಸ ಹೋಸ್ ಹಾಕಿ ನಡೆಸುತ್ತಿದ್ದಾರೆ ಎಂದಳು. ಅಂದರೆ ಅದೇ ಪೈಪು, ಅದೇ ವಾಲ್ವು. ಅವನು ಬಸ್ ಹತ್ತಿದ.

ಯಶವಂತನಿಂದ ಅವನು ಎಂದೂ ಏನನ್ನೂ ಬಯಸಿದವನಲ್ಲ. ಆ ಸಿಟ್ಟು ಬೇಗ ಇಳಿಯಿತು. ಮಲ್ಲಿಕಾ ತಿಳಿಯದೆ ತಪ್ಪು ಬರೆದಿದ್ದರೂ ಹೇಗೋ ಮರೆಯುತ್ತಿದ್ದ. ಆದರೆ ಅವಳಿಗೆ ಎಲ್ಲ ತಿಳಿದಿತ್ತು. ಮನೆಯಲ್ಲಿ ಹೆಂಡತಿ ಸತ್ಯವ್ವ ಬಡಿಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ತನ್ನದೇ ಗೇಜು ಚೀಲದಲ್ಲಿ ಹಾಕಿಕೊಂಡು ಕುಡಚಡೆಗೆ ಹೋದ. ಅತಿ ಹೆಚ್ಚಿನ ಒತ್ತಡ ಮುಟ್ಟಿದಲ್ಲೇ ನಿಂತುಬಿಡುವ ಕೆಂಪು ಮುಳ್ಳಿನ ಗೇಜದು. ಅಲ್ಲಿಯ ಫೋರ್‌ಮನ್ ಲಕ್ಷ್ಮಪ್ಪ ಮೊದಲು ಅನುಮಾನಿಸಿದ. ಹಾರೂನನ ಹೆಸರು ಬಂದಮೇಲೆ ದಾರಿ ಬಿಟ್ಟ. ಎಲ್ಲರನ್ನೂ ದೂರ ನಿಲ್ಲಿಸಿ ಪ್ರೆಸ್ ನಡೆಸಿದರು. ವಾಲ್ವು ಮುಚ್ಚಿತು. ಕೆಂಪು ಮುಳ್ಳು ಮುನ್ನೂರ ನಲವತ್ತಕ್ಕೆ ಹೋಗಿ ನಿಂತಿತು.

ಲಕ್ಷ್ಮಪ್ಪ ತಾನೇ ಸ್ವಿಚ್ ಆರಿಸಿದ. "ಇದನ್ನ ಯಾರ್ ಕಂಡುಹಿಡದಾರ?"

"ನಮ್ಮಲ್ಲಿ ಒಬ್ಬಾಕಿ ಎಂಜಿನಿಯರ್ ಅದಾಳ. ಲೆಕ್ಕಾ ಭಾಳ ಚಲೋ ಹಾಕತಾಳ."

ಹೆಸರು ಹೇಳಲು ಹೋಗಿ ತಡೆದ. ಎಣ್ಣೆ ಡಬ್ಬದ ಮೇಲೆ ಕೂತು, ಗೇಜನ್ನು ಬಟ್ಟೆಯಿಂದ ಸುಮ್ಮನೆ ಒರೆಸತೊಡಗಿದ.

ಆ ವಾರವೇ ಪೈಪು ಗಿಡ್ಡವಾಯಿತು, ವಾಲ್ವು ಬದಲಾಯಿತು. ವರದಿ ಮಾತ್ರ ಬದಲಾಗಲಿಲ್ಲ. ಕಂಠೆಪ್ಪ ತಿರುಗಿ ಕುಂಡಯಿಗೆ ಹೋಗದೆ ಲಕ್ಷ್ಮಪ್ಪನ ಬಳಿಯೇ ಕೆಲಸಕ್ಕೆ ನಿಂತ. ಪುಣೆಯಿಂದ ಮಲ್ಲಿಕಾ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಅದು ಬಡಿದುಕೊಂಡು ನಿಲ್ಲುವವರೆಗೆ ಅವನು ಕೈಯಲ್ಲೇ ಹಿಡಿದು ಕೂತಿದ್ದ.