ಮೂಲೆ ಕತ್ತರಿಸಿದ ಕಾರ್ಡು

"ಹೆಣ ಎಣಿಸ್ಕೊಂಡು ಬಾ ಅಂತ ದಿಲ್ಲಿಯೋರು ನಿಂಗೆ ಫೆಲೋಶಿಪ್ ಕೊಟ್ಟಿದಾರೇನೇ?"

ಡಾಕ್ಟರ್ ಪುರುಷೋತ್ತಮ ನನ್ನ ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಅಂಚಿಗೆ ಸರಿಸಿದರು. ಒಂದು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ.

"ಕಂಪ್ಯೂಟರ್ ಮುಂದೆ ಕೂರ್ಸಿದ್ರೂ ಕೇರಿ ಬಿಡಲ್ವಲ್ಲ ನಿಮ್ಮೋರು. ಅರವತ್ತೊಂದು ಇದ್ದದ್ದನ್ನ ಮೂವತ್ನಾಕು ಮಾಡ್ಕೊಂಡು ಬಂದಿದೀಯ. ಯಾವ ಮುಖ ಇಟ್ಕೊಂಡು ಕಮಿಟಿ ಮುಂದೆ ನಿಲ್ಲಲಿ ನಾನು?"

"ಸಾರ್, ಅವರು ಸತ್ತಿದಾರೆ."

"ಕಾರ್ಡಲ್ಲಿ ಸತ್ತಿದಾರಾ?"

ಕಂಪ್ಯೂಟರಿಗೆ ಹಾಕುವ ಕಾರ್ಡಿನಲ್ಲಿ ಅವರು ಬದುಕಿದ್ದರು. ಅದನ್ನು ಬರೆದವಳೂ ನಾನೇ.

ಅದು ಎಂಬತ್ತಾರನೇ ಇಸವಿ. ನಮ್ಮ ಕ್ಯಾನ್ಸರ್ ಸಂಸ್ಥೆಯ ಅಂಕಿ-ಅಂಶ ವಿಭಾಗ ರಾಜಾಜಿನಗರದ ಒಂದು ಬಾಡಿಗೆ ಮಹಡಿಯಲ್ಲಿತ್ತು. ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಎರಡು ವರ್ಷದ ಫೆಲೋಶಿಪ್ ಮೇಲೆ ನಾನು ಅಲ್ಲಿಗೆ ಬಂದಿದ್ದೆ. ಬಾಯಿ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮುನ್ನೂರು ಹೆಂಗಸರಲ್ಲಿ ಮೂರು ವರ್ಷದ ಮೇಲೆ ನೂರಕ್ಕೆ ಎಷ್ಟು ಮಂದಿ ಉಳಿದಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಆ ತಿಂಗಳ ಕೊನೆಗೆ ಫೆಲೋಶಿಪ್ ಮುಗಿಯುತ್ತಿತ್ತು. ಇನ್ನು ಮೂರು ವರ್ಷ ಸಿಗಬೇಕಾದರೆ ಫಾರಂ ಮೇಲೆ ವಿಭಾಗದ ಮುಖ್ಯಸ್ಥರಾದ ಪುರುಷೋತ್ತಮರ ಸಹಿ ಬೇಕು, ದಿಲ್ಲಿಯ ಕಮಿಟಿ ಒಪ್ಪಬೇಕು. ಇಲ್ಲದಿದ್ದರೆ ಈ ಕೆಲಸ ಹೋಗುತ್ತದೆ. ಈ ಕೆಲಸ ಬಿಟ್ಟರೆ ನನ್ನದು ಅನ್ನುವುದು ಬೇರೆ ಏನೂ ಇರಲಿಲ್ಲ.

ರೋಗಿಗಳು ಬದುಕಿದ್ದಾರೋ ಇಲ್ಲವೋ ತಿಳಿಯಲು ವರ್ಷಕ್ಕೊಮ್ಮೆ, ಉತ್ತರ ಬರೆದು ವಾಪಸು ಕಳಿಸುವ ಜೋಡಿ ಪೋಸ್ಟ್ ಕಾರ್ಡು ಹಾಕುತ್ತಿದ್ದೆವು. ಉತ್ತರ ಬಾರದವರನ್ನು ಬದುಕಿದವರ ಪಟ್ಟಿಗೆ ಹಾಕು ಎಂದು ಪುರುಷೋತ್ತಮ ಹೇಳಿದ್ದರು. ಹಾಗೆ ಹಾಕಿದರೆ ನೂರಕ್ಕೆ ಅರವತ್ತೊಂದು. ಅಂದರೆ ಚಿಕಿತ್ಸೆ ಚೆನ್ನಾಗಿದೆ, ಯಾರೂ ಎಲ್ಲಿಗೂ ಹೋಗಿ ವಿಚಾರಿಸಬೇಕಾಗಿಲ್ಲ. ಉತ್ತರ ಬಾರದವರು ನೂರ ಇಪ್ಪತ್ತು ಜನ. ಅವರ ವಿಳಾಸಗಳನ್ನು ಒಂದೊಂದಾಗಿ ಓದಿದೆ. ನಾಯಂಡಹಳ್ಳಿ ಇಟ್ಟಿಗೆ ಗೂಡಿನ ಹಿಂದೆ. ಕೆಂಗೇರಿ ಮೋರಿ ಪಕ್ಕ. ಮಾರೇನಹಳ್ಳಿ ಕೇರಿ. ಎಲ್ಲ ನಮ್ಮ ಜನವೇ.

ಭಾನುವಾರಗಳಲ್ಲಿ ಒಬ್ಬಳೇ ಹೊರಟೆ.

ನಾಯಂಡಹಳ್ಳಿಯಲ್ಲಿ ಮೊದಲ ಮನೆ ನರಸಮ್ಮನದು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಸೀರೆ, ವ್ಯಾನಿಟಿ ಬ್ಯಾಗು ನೋಡಿ ಎದ್ದು ನಿಂತಳು. ಪಟ್ಟಿಯಲ್ಲಿದ್ದ ಲಿಂಗಮ್ಮನ ಹೆಸರು ಹೇಳಿದೆ.

"ಯಾರ್ನ ಕೇಳ್ತೀರವ್ವ? ಲಿಂಗಮ್ಮನ್ನಾ? ನನ್ ಮಗ್ಳು ಹೋಗಿ ಒಂದ್ ವರ್ಸ ಆಯ್ತು."

"ಆಸ್ಪತ್ರೆಯಿಂದ ಒಂದು ಕಾರ್ಡು ಬಂದಿರಬೇಕಲ್ಲಮ್ಮ?"

"ಬಂತು! ಬರದೆ ಏನು!" ಮೊರವನ್ನು ಪಕ್ಕಕ್ಕಿಟ್ಟಳು. "ಪೋಸ್ಟಿನೋನು ಕೇರಿಯೊಳಕ್ಕೆ ಕಾಲಿಡಾಕಿಲ್ಲ, ಸೌದೆ ಡಿಪೋತಾವ ಎಸ್ದೋಯ್ತಾನೆ. ಇವ್ಳೇ ಈಸ್ಕೊಂಡು ಬಂದ್ಲು. ಆಗ ಇನ್ನೂ ಓಡಾಡ್ತಿದ್ಲು ಮಗಿ, ಗಂಜಿ ಕುಡೀತಿದ್ಲು. ನೋಡಿದ್ರೆ ಕಾಗ್ದದ ಮೂಲೆ ಹೋಗೈತೆ. ಬದ್ಕಿರೋಳ ಹೆಸ್ರಿಗೇ ಸಾವಿನ ಕಾಗ್ದ! ಒಳಕ್ಕೆ ತರಬ್ಯಾಡ ಅಂದೆ. ಹರ್ದು ಮೋರಿಗಾಕ್ದೆ. ಅವತ್ತಿಂದ ಗಂಜೀನೂ ಒಲ್ಲೆ ಅಂದ್ಲು. ಯಾವ ಮುಂಡೇಮಗ ಕತ್ತರ್ಸಿದ್ನೋ, ಅವನ ವಂಸ ನಿರ್ವಂಸ ಆಗ!"

ನನಗೆ ಕುಡಿಯಲು ನೀರು ಕೊಟ್ಟಳು. ಕುಡಿದು ಬಂದೆ.

ಅಂಕಿಗಳನ್ನು ತೂತುಗಳಾಗಿ ಪಂಚ್ ಮಾಡಿ ಕಂಪ್ಯೂಟರಿಗೆ ಹಾಕುವ ಕಾರ್ಡುಗಳ ಒಂದು ಮೂಲೆ ಕತ್ತರಿಸಿರುತ್ತಾರೆ. ಕಟ್ಟಿನಲ್ಲಿ ಯಾವುದಾದರೂ ಕಾರ್ಡು ತಲೆಕೆಳಗಾಗಿದ್ದರೆ ಅದರಿಂದ ತಿಳಿಯುತ್ತದೆ. ಪೋಸ್ಟ್ ಕಾರ್ಡುಗಳನ್ನೂ ಹಾಗೇ ಕತ್ತರಿಸಿದರೆ ಉತ್ತರ ಬಂದಾಗ ಜೋಡಿಸುವುದು ಸುಲಭ ಎಂದು ನನಗೇ ಹೊಳೆದದ್ದು. ಹೊಳೆದಾಗ ಖುಷಿಯಾಗಿತ್ತು. ಸಾವಿನ ಸುದ್ದಿಯ ಕಾಗದದ ಮೂಲೆ ಹರಿದು ಕಳಿಸುತ್ತಾರೆ, ಅದನ್ನು ಹೊಸ್ತಿಲಾಚೆಯೇ ಓದಿಸಿ ಹರಿದು ಹಾಕುತ್ತಾರೆ ಎಂದು ಮಾರೇನಹಳ್ಳಿ ಕೇರಿಯಲ್ಲಿ ಹುಟ್ಟಿದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆಫೀಸಿನಲ್ಲಿ ಕೂತಿದ್ದಾಗ ಗೊತ್ತಿರಲಿಲ್ಲ.

ಸೋಮವಾರ, ಆ ಮೂಲೆಗಳನ್ನು ಕತ್ತರಿಸಿದ್ದ ಅಟೆಂಡರ್ ಅಂಜಿನಯ್ಯನನ್ನು ಕೇಳಿದೆ. ಬೇರೆಯವರಿಗೆಲ್ಲ 'ಡಾಕ್ಟ್ರೇ' ಅನ್ನುವ ಅಂಜಿನಯ್ಯ ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದ.

"ನಿಮಗೆ ಆವತ್ತು ಏನೂ ಅನ್ನಿಸಲಿಲ್ವಾ ಅಂಜಿನಯ್ಯ?"

"ಕಸಿವಿಸಿ ಆಯ್ತು ಇಂದ್ರಮ್ಮ. ಕತ್ತರಿ ಹಿಡ್ಕೊಂಡು ಒಂದ್ ಗಳಿಗೆ ಸುಮ್ನೆ ಕೂತಿದ್ದೆ. ಓದಿದೋರು ಹೇಳ್ತಾವ್ರೆ, ಇದ್ರಲ್ಲಿ ಏನೋ ಇರ್ಬೇಕು ಅಂತ ಕತ್ತರ್ಸ್ದೆ."

ನೂರ ಇಪ್ಪತ್ತು ಮನೆಗಳನ್ನೂ ಮುಗಿಸಲು ಎರಡು ತಿಂಗಳು ಹಿಡಿಯಿತು. ಹದಿನೇಳು ಜನ ಬದುಕಿದ್ದರು. ಇಪ್ಪತ್ತೆರಡು ಜನರ ಗುಡಿಸಲೇ ಇರಲಿಲ್ಲ. ಎಂಬತ್ತೊಂದು ಜನ ಸತ್ತಿದ್ದರು. ಹೊಸ ಕಾರ್ಡು ಪಂಚ್ ಮಾಡಿ ಪ್ರೋಗ್ರಾಂ ಓಡಿಸಿದೆ. ನೂರಕ್ಕೆ ಮೂವತ್ತನಾಲ್ಕು ಬಂತು. ಆ ಹಾಳೆಗಳನ್ನೇ ಪುರುಷೋತ್ತಮ ಈಗ ಮೇಜಿನ ಅಂಚಿಗೆ ಸರಿಸಿದ್ದು.

"ಕೂತ್ಕೋಬೇಡ. ನಿಂತೇ ಕೇಳು," ಅಂದರು. ನನ್ನ ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಸಹಿ ಹಾಕಿದರು. ಶಾಯಿ ಆರುವವರೆಗೂ ನಾನು ಅದನ್ನೇ ನೋಡುತ್ತಿದ್ದೆ. ನಾನು ನೋಡುವುದನ್ನು ಅವರು ನೋಡುತ್ತಿದ್ದರು. ಆಮೇಲೆ ಫಾರಂ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

"ಹಳೇ ಕಾರ್ಡೇ ಓಡ್ಸು. ಗುರುವಾರ ಕಮಿಟಿ ಬರತ್ತೆ. ಮಾತಾಡೋದು ನಾನು. ನೀನು ಪ್ರೊಜೆಕ್ಟರ್ ಹತ್ರ ನಿಂತು ಶೀಟ್ ಬದಲಾಯ್ಸು, ಅಷ್ಟೇ. ಅವರು ಹೊರಟ ಮೇಲೆ ಫಾರಂ ತಗೊಂಡೋಗಿ ಇನ್ನು ಮೂರು ವರ್ಷ ಆರಾಮಾಗಿರು."

"ಆ ಹೆಂಗಸರು ಸಾರ್?"

"ಅವರಿಗೆ ಇನ್ನೇನು ಆಗ್ಬೇಕಾಗಿದೆ?"

ನಾನಿದ್ದದ್ದು ವಿಜಯನಗರದಲ್ಲಿ, ಒಂದು ಮನೆಯ ಹಿತ್ತಲ ರೂಮಿನಲ್ಲಿ. ಮನೆ ಒಡತಿ ಜಗದಾಂಬಾ "ನೀವು ಯಾವ ಪೈಕಿ?" ಎಂದು ಕೇಳಿದ್ದಾಗ "ಕಾಲೇಜಿನ ಪೈಕಿ ಆಂಟಿ" ಅಂದಿದ್ದೆ. ನಕ್ಕು ಸುಮ್ಮನಾಗಿದ್ದರು. ಅದಕ್ಕೇ ಅವ್ವನನ್ನು ಆ ರೂಮಿಗೆ ಒಂದು ದಿನವೂ ಕರೆತಂದಿರಲಿಲ್ಲ. ಆ ಸಂಜೆ ಯಾರಿಗಾದರೂ ಹೇಳಬೇಕೆನ್ನಿಸಿತು. ಹಿತ್ತಲ ನಲ್ಲಿಯ ಹತ್ತಿರ ಜಗದಾಂಬಾ ಬಟ್ಟೆ ಒಗೆಯುತ್ತಿದ್ದರು. ಹೋಗಿ ನಿಂತೆ. "ಏನು ಬೇಕಿತ್ತು?" ಅಂದರು. "ಏನಿಲ್ಲ ಆಂಟಿ, ನೀರು ಬಂತಾ ಅಂತ," ಅಂದೆ. ವಾಪಸು ಬಂದು ಪ್ರೊಜೆಕ್ಟರಿಗಿಡುವ ಪ್ಲಾಸ್ಟಿಕ್ ಶೀಟಿನ ಮೇಲೆ ಒಂದು ಗೆರೆ ಎಳೆದೆ. ಅಳಿಸಿ ಮತ್ತೆ ಎಳೆದೆ. ಗೆರೆಯ ತುದಿಯಲ್ಲಿ ಮೂವತ್ತನಾಲ್ಕು ಎಂದು ಬರೆದೆ.

ಗುರುವಾರ ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದಿದ್ದರು. ದಿಲ್ಲಿಯ ಐದು ಜನ, ನಮ್ಮ ಸಂಸ್ಥೆಯ ಡಾಕ್ಟರುಗಳು. ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿತ್ತು. ಪುರುಷೋತ್ತಮ ಇಂಗ್ಲಿಷಿನಲ್ಲಿ ಸೊಗಸಾಗಿ ಮಾತಾಡಿದರು. 'ನನ್ನ ಪ್ರೋಗ್ರಾಂ' ಅಂದರು. ಬೆರಳು ಆಡಿಸಿದಾಗೆಲ್ಲ ನಾನು ಶೀಟ್ ಬದಲಾಯಿಸಿದೆ. ಅರವತ್ತೊಂದರ ಗೆರೆ ಗೋಡೆಯ ಮೇಲೆ ಬಂತು. ಕಮಿಟಿಯ ಹಿರಿಯರು ತಲೆದೂಗಿದರು.

ಪುರುಷೋತ್ತಮ ಮತ್ತೆ ಬೆರಳು ಆಡಿಸಿದರು. ನನ್ನ ಶೀಟ್ ಇಟ್ಟೆ.

ಗೆರೆ ಎಡಗಡೆಯಿಂದ ಹೊರಟು ಗೋಡೆಯ ಬುಡದತ್ತ ಇಳಿದಿತ್ತು. ಪುರುಷೋತ್ತಮ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದರು. ಹತ್ತಿರ ಬಂದು ಕನ್ನಡದಲ್ಲಿ "ತೆಗಿಯೇ ಲೌಡಿ" ಅಂದರು. ಶೀಟಿನ ಅಂಚು ಹಿಡಿದು ಎಳೆದರು. ನಾನು ಅಂಗೈ ಒತ್ತಿ ಹಿಡಿದೆ. ಗಾಜು ಸುಡುತ್ತಿತ್ತು. ನನ್ನ ಕೈಯ ನೆರಳು ಗೋಡೆ ತುಂಬ ನಿಂತಿತು.

"ಎರಡರಲ್ಲಿ ಯಾವುದು ಸರಿ?" ಹಿರಿಯರು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

"ಇದು ಸರಿ ಸಾರ್. ಮೊದಲನೆಯದರಲ್ಲಿ ಎಂಬತ್ತೊಂದು ಜನ ಸತ್ತವರನ್ನು ಬದುಕಿದವರು ಎಂದು ಎಣಿಸಿದ್ದೇವೆ. ಸಾವಿನ ಕಾಗದದ ಹಾಗೆ ಮೂಲೆ ಕತ್ತರಿಸಿ ಕಾರ್ಡು ಕಳಿಸಿದೆವು. ಅದಕ್ಕೇ ಉತ್ತರ ಬರಲಿಲ್ಲ. ಕತ್ತರಿಸಿ ಎಂದು ಹೇಳಿದವಳು ನಾನು. ಪ್ರೋಗ್ರಾಂ ಬರೆದವಳೂ ನಾನೇ."

ಪುರುಷೋತ್ತಮ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತರು. ಕತ್ತಲಾಯಿತು. ಯಾರೋ ಕೆಮ್ಮಿದರು. ಯಾರಾದರೂ ಪರದೆ ಸರಿಸುತ್ತಾರೇನೋ ಎಂದು ಕಾದೆ.

"ಮೆಷೀನು ಕೆಟ್ಟಿದೆ. ಊಟ ಆರಿಹೋಗತ್ತೆ, ಬನ್ನಿ ಸಾರ್," ಅಂದರು ಪುರುಷೋತ್ತಮ.

"ನಾಯಂಡಹಳ್ಳಿಯಲ್ಲಿ ಸತ್ತವರು ಇಪ್ಪತ್ತಾರು ಜನ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. ಕುರ್ಚಿಗಳು ಸರಿದವು. ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. "ಮೊದಲ ವರ್ಷದಲ್ಲೇ ಹದಿನಾಲ್ಕು. ವಾಪಸು ಆಸ್ಪತ್ರೆಗೆ ಬಂದವರು ಇಬ್ಬರು."

ಹಿಂದಿನ ಸಾಲಿನಲ್ಲಿ ಯಾರೋ ಇನ್ನೂ ಎದ್ದಿರಲಿಲ್ಲ. ಮನುಷ್ಯರೋ, ಕುರ್ಚಿಗೆ ತಗುಲಿಹಾಕಿದ ಕೋಟೋ, ಆ ಕತ್ತಲಲ್ಲಿ ಗೊತ್ತಾಗಲಿಲ್ಲ. ಅತ್ತ ಮುಖ ಮಾಡಿಕೊಂಡು ಕೆಂಗೇರಿಯ ಹತ್ತೊಂಬತ್ತು ಜನರ ವಿಚಾರ ಶುರು ಮಾಡಿದೆ.