ಕೋಳಿಗೆ ಬೈದ ಮಾತು

ಫಾಬಿಯಾನಾ ಏಳು ಶಾಲೆಗಳನ್ನು ನೋಡಿಕೊಳ್ಳುತ್ತಿದ್ದಳು. ಪಾಠ ಹೇಳುವುದು ಅವಳ ಕೆಲಸವಲ್ಲ. ಪಾಠ ಹೇಳುವವರಿಗೆ ಟ್ಯಾಬ್ಲೆಟ್ಟು, ಕಂಪ್ಯೂಟರುಗಳಲ್ಲಿ ಯಾವುದು ಯಾತಕ್ಕೆ ಒದಗುತ್ತದೆ ಎಂದು ಹುಡುಕಿಕೊಟ್ಟು, ಪಕ್ಕದಲ್ಲಿ ಕೂತು ಕಲಿಸುವುದು. ಆರು ಶಾಲೆಗಳಲ್ಲಿ ಇದು ಹೇಗೋ ಸಾಗಿತ್ತು. ಏಳನೆಯದು ಪಾಸೊ ಸೆರೆನೊ. ರಿವೇರಾ ಪಟ್ಟಣದಿಂದ ಎರಡು ಗಂಟೆ ಬಸ್ಸು, ಅಲ್ಲಿಂದ ಮುಂದೆ ಹಾಲಿನ ಲಾರಿ. ಬ್ರೆಜಿಲಿನ ಗಡಿಕಲ್ಲು ಶಾಲೆಯ ಹಿತ್ತಲಿಂದಲೇ ಕಾಣುತ್ತಿತ್ತು. ಹನ್ನೊಂದು ಮಕ್ಕಳಿಗೆ ಒಬ್ಬರೇ ಟೀಚರು, ನಿಬಿಯಾ ಕಾರ್ದೋಸೊ, ವಯಸ್ಸು ಐವತ್ತೊಂಬತ್ತು. ಸರ್ಕಾರ ಕೊಟ್ಟ ಹನ್ನೊಂದು ಟ್ಯಾಬ್ಲೆಟ್ಟುಗಳನ್ನು ಅವರು ಬೀರುವಿನಲ್ಲಿ ಜೋಡಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿಟ್ಟಿದ್ದರು.

"ನೋಡು, ಒಂದು ಚೂರು ಧೂಳಿಲ್ಲ. ಒಂದೂ ಕೆಟ್ಟಿಲ್ಲ," ಎಂದರು ಮೊದಲ ದಿನವೇ.

"ಮುಟ್ಟಿದ್ರೆ ತಾನೇ ಟೀಚರ್ ಕೆಡೋದು?"

"ಅದಕ್ಕೇ ಮುಟ್ಟಿಲ್ಲ."

ಇಂಥವರ ಹತ್ತಿರ ವಾದಕ್ಕಿಳಿದರೆ ದಿನ ಕಳೆಯುತ್ತದೆ, ಕೆಲಸವಾಗುವುದಿಲ್ಲ. ಫಾಬಿಯಾನಾ ಪ್ರತಿ ಮಂಗಳವಾರ ಬರುವಳು, ಟೀಚರು ಕೊಟ್ಟ ಮಾಟೆ ಸೊಪ್ಪಿನ ಕಷಾಯವನ್ನು ಸೋರೆ ಬುರುಡೆಯಿಂದ ಹೀರುತ್ತ ಕೂರುವಳು, ಮಕ್ಕಳ ಬಿಳಿ ನಿಲುವಂಗಿ, ನೀಲಿ ಬೋ ಎಲ್ಲ ಸರಿಯಾಗಿದೆಯೇ ಎಂದು ಟೀಚರು ಪರೀಕ್ಷಿಸುವುದನ್ನು ನೋಡುವಳು. ಬೋ ಓರೆಯಾದರೂ ಟೀಚರು ಬಿಡುತ್ತಿರಲಿಲ್ಲ, ಮಾತು ಓರೆಯಾದರಂತೂ ಕೇಳುವುದೇ ಬೇಡ. ಆ ಮಕ್ಕಳೆಲ್ಲ ಮನೆಯಲ್ಲಿ ಆಡುವುದು ಗಡಿಮಾತು. ಅರ್ಧ ಸ್ಪ್ಯಾನಿಷ್, ಅರ್ಧ ಪೋರ್ಚುಗೀಸ್, ಯಾವ ಪುಸ್ತಕದಲ್ಲೂ ಇಲ್ಲದ್ದು. ಶಾಲೆಯ ಗೇಟಿನೊಳಗೆ ಅದರ ಒಂದು ಶಬ್ದ ಬಿದ್ದರೂ ಟೀಚರ ಹುಬ್ಬು ಮೇಲೇಳುತ್ತಿತ್ತು. "ಅದನ್ನ ಹೊರಗೆ ಬಿಟ್ಟು ಬಾ, ಆಮೇಲೆ ಮಾತಾಡು," ಎನ್ನುತ್ತಿದ್ದರು. ಮೂವತ್ತೊಂದು ವರ್ಷದಿಂದ ಇದೇ ಕಟ್ಟಳೆ.

ತೈನಾಳ ವಿಷಯ ಬಂದದ್ದು ಏಪ್ರಿಲ್ ತಿಂಗಳಲ್ಲಿ. ಎರಡನೇ ತರಗತಿಯ ಹುಡುಗಿ, ವಯಸ್ಸು ಏಳು, ಅಜ್ಜಿಯ ಜೊತೆ ಇರುವವಳು. ಶಾಲೆಗೆ ಸೇರಿ ಒಂದು ವರ್ಷ ಕಳೆದರೂ ತರಗತಿಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ತಿಂಗಳ ಕೊನೆಯೊಳಗೆ ಗಟ್ಟಿಯಾಗಿ ಓದಿ ತೋರಿಸದಿದ್ದರೆ ಮಗುವನ್ನು ಪಟ್ಟಣದ ವಿಶೇಷ ಶಾಲೆಗೆ ಸೇರಿಸಬೇಕು, ಅಲ್ಲೇ ಹಾಸ್ಟೆಲಿನಲ್ಲಿ ಬಿಡಬೇಕು ಎಂದು ಇನ್‌ಸ್ಪೆಕ್ಟರಮ್ಮ ಬರೆದಿದ್ದರು.

"ಅವಳಿಗೆ ಓದು ಬರುತ್ತೆ," ಎಂದರು ನಿಬಿಯಾ ಟೀಚರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. "ಪುಸ್ತಕ ಕೊಟ್ಟರೆ ತುಟಿ ಅಲ್ಲಾಡುತ್ತೆ, ಸಾಲಿಗೆ ಸರಿಯಾಗಿ. ನಾನು ನೋಡಿದ್ದೀನಿ. ದನಿ ಮಾತ್ರ ಬರಲ್ಲ. ಆ ಅಜ್ಜಿಗೆ ಇರೋದು ಇವಳೊಬ್ಬಳೇ. ಇವಳಿಗೂ ಅಷ್ಟೇ."

ಫಾಬಿಯಾನಾಳಿಗೆ ಆಗ ಹೊಳೆಯಿತು. "ಯಾರೂ ಕೇಳಿಸಿಕೊಳ್ಳದ ಜಾಗದಲ್ಲಿ ಓದಿಸೋಣ ಟೀಚರ್. ನೀವು ಒಂದು ಕಥೆ ಓದಿ, ನಿಮ್ಮ ದನೀಲಿ. ಅದನ್ನ ಎಲ್ಲರ ಟ್ಯಾಬ್ಲೆಟ್ಟಿಗೂ ಹಾಕ್ತೀನಿ. ಮಕ್ಕಳು ಮನೆಗೆ ತಗೊಂಡು ಹೋಗಿ ಕೇಳಲಿ, ಆಮೇಲೆ ಪುಸ್ತಕ ನೋಡ್ಕೊಂಡು ತಾವೇ ಓದಿ ರೆಕಾರ್ಡ್ ಮಾಡಲಿ. ಮುಂದೆ ಯಾರೂ ಕೂತಿರಲ್ಲ."

"ಆ ಡಬ್ಬದ ಮುಂದೆ ನಾನು ಓದಬೇಕಾ?"

"ನಿಮಗೋಸ್ಕರ ಅಲ್ಲ. ತೈನಾಗೋಸ್ಕರ."

ಟೀಚರು ಕಸೂತಿ ಬಟ್ಟೆ ತೆಗೆದರು. ಕೆಂಪು ಗುಂಡಿ ಒತ್ತುವುದನ್ನು ಫಾಬಿಯಾನಾ ನಾಲ್ಕು ಸಲ ಮಾಡಿಸಿದಳು. ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಅವರು ಅದನ್ನು ಚೀಟಿಯಲ್ಲಿ ದುಂಡಗೆ ಬರೆದುಕೊಂಡು, ಟ್ಯಾಬ್ಲೆಟ್ಟನ್ನು ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ದರು. ಮುಂದಿನ ಮಂಗಳವಾರ ಕಥೆ ಸಿದ್ಧವಾಗಿತ್ತು. ಗೂಡಿನಿಂದ ದೂರ ನಿಂತು ಕೂಗಿ ನರಿಯ ದಾರಿ ತಪ್ಪಿಸುವ ತೇರೊ ಹಕ್ಕಿಯ ಕಥೆ. ಫಾಬಿಯಾನಾ ಮೊದಲ ಎರಡು ನಿಮಿಷ ಕೇಳಿದಳು. ದನಿ ಸ್ಪಷ್ಟವಾಗಿತ್ತು, ಒಂದೊಂದು ಅಕ್ಷರವೂ ಇಸ್ತ್ರಿ ಹಾಕಿದ ಹಾಗಿತ್ತು. ಹಾಲಿನ ಲಾರಿ ಹೊರಡುವ ಹೊತ್ತಾಗಿತ್ತು. ಹನ್ನೊಂದಕ್ಕೂ ಹಾಕಿ ಕೊಟ್ಟು ಓಡಿದಳು. ಕಥೆಗೆ ನಾಲ್ಕು ನಿಮಿಷ ಸಾಕು, ಆದರೆ ರೆಕಾರ್ಡು ಹತ್ತೊಂಬತ್ತು ನಿಮಿಷ ಇದೆ ಎನ್ನುವುದು ಅವಳ ಕಣ್ಣಿಗೆ ಬೀಳಲೇ ಇಲ್ಲ. ಬೇರೆಯವರಿಗೆ ಕೊನೆಯವರೆಗೂ ಕೇಳಿ ನೋಡಿ ಎಂದು ಊರೂರಿಗೆ ಹೇಳಿಕೊಂಡು ಬರುವವಳು ಇವಳೇ.

ಮರುವಾರ ಬಂದಾಗ ಆಟದ ಬಿಡುವು. ಅಂಗಳದಲ್ಲಿ ಮಕ್ಕಳು ನಿಲುವಂಗಿಯ ತುದಿ ಹಿಡಿದು ರೆಕ್ಕೆ ಬಡಿಯುತ್ತ ಓಡುತ್ತಿದ್ದರು, ಒಬ್ಬಳು ಕೈಯಲ್ಲಿ ಪೊರಕೆ ಹಿಡಿದು ಅಟ್ಟಿಸುತ್ತಿದ್ದಳು.

"ಹೊರಗ ನಡಿ, ನಾಚಿಗ್ಗೇಡಿ. ಮತ್ತ ನನ್ನ ಬುಟ್ಟ್ಯಾಗ ಕುಂತಿ? ಮಾರಿ ನೋಡ ಇದರದು, ಮಂತ್ರಿ ಹೇಣ್ತಿ ಕುಂತಂಗ ಕುಂತೈತಿ."

ಗಡಿಮಾತು, ಗೇಟಿನೊಳಗೆ, ಹಾಡುಹಗಲಲ್ಲಿ. ಫಾಬಿಯಾನಾ ದೇಶದ ದಕ್ಷಿಣದವಳು, ಆ ಮಾತು ಅವಳಿಗೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಅಷ್ಟಾದರೂ ಅವಳಿಗೆ ನಗು ಬಂತು. ಒಳಗೆ ಹೋದ ಮೇಲೆ ಆ ನಗು ಉಳಿಯಲಿಲ್ಲ. ನಿಬಿಯಾ ಟೀಚರು ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಮಾಟೆಯ ಬುರುಡೆ ಮೇಜಿನ ಮೇಲಿದ್ದರೂ ಇವಳ ಕಡೆಗೆ ಬರಲಿಲ್ಲ.

"ಕಥೆ ಮುಗಿದ ಮೇಲೆ ಗುಂಡಿ ಒತ್ತಿಲ್ಲ ನಾನು," ಎಂದರು. "ಒತ್ತಿದೆ ಅಂದ್ಕೊಂಡೆ. ಕೋಳಿ ಅಡುಗೆಮನೆಗೆ ನುಗ್ಗಿತು. ಅದಕ್ಕೆ ಬೈದೆ. ಆಮೇಲೆ ನನ್ನ ತಂಗಿ ಬಂದಳು, ಅವಳ ಜೊತೆ ಹರಟಿದೆ. ಕರಿದ ರೊಟ್ಟಿ ಸೀದುಹೋಯ್ತು, ಅದಕ್ಕೂ ಬೈದೆ. ಎಲ್ಲಾ ಆ ಮಾತಲ್ಲೇ. ಹನ್ನೊಂದು ಮನೇಲೂ ಕೇಳಿದ್ದಾರೆ."

"ತಪ್ಪು ನಂದು ಟೀಚರ್. ನಾನು ಪೂರ್ತಿ ಕೇಳಬೇಕಿತ್ತು."

"ನಮ್ಮಮ್ಮ ಆಡ್ತಿದ್ದದ್ದು ಅದೇ ಮಾತು. ನಾನು ಹತ್ತನೇ ವಯಸ್ಸಿಗೆ ಶಾಲೇಲಿ ಕಲಿತೆ, ಅದು ಮಾತೇ ಅಲ್ಲ ಅಂತ. ಅವತ್ತಿಂದ ಮನೇಲಿ ಮಾತ್ರ ಇಟ್ಕೊಂಡಿದ್ದೆ." ಅವರು ಕಿಟಕಿಯ ಕಡೆ ನೋಡಿದರು. "ಈಗ ಯಾವ ಮುಖ ಇಟ್ಕೊಂಡು ಅವರಿಗೆ ತಿದ್ದಲಿ? ನಿನ್ನ ಡಬ್ಬಗಳನ್ನ ತಗೊಂಡು ಹೋಗು, ಹುಡುಗಿ."

ಟೀಚರು ಇಷ್ಟು ವರ್ಷ ಮುಚ್ಚಿಟ್ಟುಕೊಂಡದ್ದನ್ನು ತನ್ನ ಅವಸರ ಬೀದಿಗೆ ಹಾಕಿತಲ್ಲ ಎಂದುಕೊಂಡಳು ಫಾಬಿಯಾನಾ. ಮಕ್ಕಳು ಮರಳಿ ತಂದಿಟ್ಟಿದ್ದ ಟ್ಯಾಬ್ಲೆಟ್ಟುಗಳನ್ನು ಒಂದೊಂದಾಗಿ ತೆರೆದು ಅಳಿಸತೊಡಗಿದಳು. ಎಂಟನೆಯದು ತೈನಾಳದು. ಅದರಲ್ಲಿ ಹೊಸದೊಂದು ರೆಕಾರ್ಡು, ಹನ್ನೆರಡು ನಿಮಿಷದ್ದು. ಅವಳ ಕೈ ನಿಂತಿತು.

ಮೊದಲು ಉಸಿರು. ಆಮೇಲೆ ಸಣ್ಣದೊಂದು ದನಿ, ಸ್ವಲ್ಪ ಒಡಕು, ಆ ಕೋಣೆಯಲ್ಲಿ ಯಾರೂ ಎಂದೂ ಕೇಳದ ದನಿ. "ತೇರೊ ಹಕ್ಕಿ ಹುಲ್ಲಿನ ನಡುವೆ ಗೂಡು ಕಟ್ಟಿತ್ತು," ಎಂದು ಸ್ಪ್ಯಾನಿಷಿನಲ್ಲಿ ಓದಿತು, ತಪ್ಪಿಲ್ಲದೆ. ನಿಬಿಯಾ ಟೀಚರು ಎದ್ದು ಬಂದು ಪಕ್ಕದಲ್ಲಿ ನಿಂತರು. ಒಂದು ಪುಟ ಮುಗಿದ ಕೂಡಲೇ ದನಿಯ ಧಾಟಿಯೇ ಬದಲಾಯಿತು.

"ಅಜ್ಜಿ, ತಿಳೀತೇನ? ತತ್ತಿ ಇಲ್ಲಿ ಅದಾವ, ಹಕ್ಕಿ ಅಲ್ಲಿ ದೂರ ನಿಂತು ಒದರಾಕತ್ತೈತಿ."

"ಅಲ್ಯಾಕ ಒದರತೈತಿ?" ಮುದುಕಿಯ ದನಿ.

"ನರಿ ಅಲ್ಲೇ ಹುಡುಕ್ಲಿ ಅಂತ. ಶಾಣ್ಯಾ ಐತಿ ಅದು."

ಹೀಗೇ ಪುಟದಿಂದ ಪುಟಕ್ಕೆ. ಓದುವುದು ಶಾಲೆಯ ಮಾತಿನಲ್ಲಿ, ಅಜ್ಜಿಗೆ ಬಿಡಿಸಿ ಹೇಳುವುದು ಮನೆಯ ಮಾತಿನಲ್ಲಿ. ಎಲ್ಲೂ ತಡವರಿಸಲಿಲ್ಲ. ಕಥೆ ಮುಗಿದ ಮೇಲೆ ಮತ್ತೆ ಅದೇ ದನಿ, ಈ ಸಲ ಮೆಲ್ಲಗೆ.

"ಟೀಚರ್, ನಿಮ್ಮ ಕೋಳಿ ನಾಚಿಗ್ಗೇಡಿ ಅಲ್ರಿ. ಅದು ತತ್ತಿ ಇಡಾಕ ಬಂದಿರತೈತಿ. ಬುಟ್ಟ್ಯಾಗ ಒಣಾ ಹುಲ್ಲ ಹಾಕ್ರಿ, ಹೊಡೀಬ್ಯಾಡ್ರಿ. ನೀವು ನಮ್ಮಂಗ ಮಾತಾಡ್ತೀರಿ ಅಂತ ನಮ್ಮಜ್ಜಿ ಅತ್ತಳು. ಖುಷೀಲೆ ಅತ್ತಳ್ರಿ."

ರೆಕಾರ್ಡು ಮುಗಿಯಿತು. ಟೀಚರು ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಮೊದಲ ದಿನ ಬಂದಾಗ ಅವಳು ಏನೋ ಹೇಳೋಕೆ ಬಂದಳು," ಎಂದರು. "ಬಾಗಿಲಲ್ಲೇ. ಏನು ಅಂತಾನೂ ನಾನು ಕೇಳಿಸ್ಕೊಳ್ಳಲಿಲ್ಲ. ಅದನ್ನ ಹೊರಗೆ ಬಿಟ್ಟು ಬಾ ಅಂದೆ. ಮಗು ಹೇಳಿದ ಹಾಗೆ ಕೇಳ್ತು. ಪೂರ್ತಿ ಹೊರಗೇ ಬಿಟ್ಟು ಬಂತು."

ಫಾಬಿಯಾನಾ ಅವರ ತೋಳು ಮುಟ್ಟಿದಳು. ಸಮಾಧಾನ ಹೇಳುವುದು ಅವಳಿಗೆ ಬಾರದ ವಿದ್ಯೆ. ಬರುವ ವಿದ್ಯೆಯನ್ನೇ ಮುಂದಿಟ್ಟಳು. "ಓದಿರೋದನ್ನ ಮಾತ್ರ ತೆಗೆದು ಇನ್‌ಸ್ಪೆಕ್ಟರಮ್ಮಂಗೆ ಕಳಿಸೋಣ ಟೀಚರ್. ಉಳಿದದ್ದು ಕತ್ತರಿಸ್ತೀನಿ. ಎರಡು ನಿಮಿಷದ ಕೆಲಸ. ನಿಮ್ಮ ವಿಷಯ ಅವರಿಗೆ ಗೊತ್ತೇ ಆಗಲ್ಲ."

"ಅಷ್ಟು ಸುಲಭಾನಾ ಕತ್ತರಿಸೋದು?"

"ಹೂಂ. ಬೆರಳಲ್ಲಿ ಎಳೆದರೆ ಆಯ್ತು."

ಟೀಚರು ಪರದೆಯ ಮೇಲಿನ ಆ ಏರಿಳಿತದ ಗೆರೆಯನ್ನು ಬಹಳ ಹೊತ್ತು ನೋಡಿದರು. ಇಲ್ಲಿ ಓದು, ಅಲ್ಲಿ ಅಜ್ಜಿ, ಕೊನೆಯಲ್ಲಿ ಕೋಳಿ. ನೋಡಿದರೆ ಎಲ್ಲ ಒಂದೇ ಗೆರೆ.

"ಬೇಡ," ಎಂದರು. "ಓದಿರೋದು ಮಾತ್ರ ಕಳಿಸಿದರೆ ಗಿಳಿಪಾಠ ಅಂತಾರೆ. ಅರ್ಥ ಆಗಿದೆ ಅನ್ನೋದು ಅಜ್ಜಿಗೆ ಹೇಳಿರೋದರಲ್ಲಿ ಇದೆ. ಇಡೀದು ಕಳಿಸು. ನನ್ನ ವಿಷಯ ಗೊತ್ತಾದರೆ ಆಗಲಿ."

"ಇನ್‌ಸ್ಪೆಕ್ಟರಮ್ಮ ಏನಾದರೂ ಅಂದರೆ?"

"ಅನ್ನಲಿ. ಇರು, ಮೊದಲು ಅವಳನ್ನ ಕೇಳಬೇಕು. ಅವಳ ದನಿ ಅದು."

ಅವರು ಬಾಗಿಲಿಗೆ ಹೋಗಿ ತೈನಾಳನ್ನು ಕರೆದರು. ಮಗು ಬಂದು, ತನ್ನ ಟ್ಯಾಬ್ಲೆಟ್ಟು ಮೇಜಿನ ಮೇಲಿರುವುದನ್ನು ಕಂಡು, ಗೋಡೆಗೆ ಅಂಟಿಕೊಂಡು ನಿಂತಿತು. ನೀಲಿ ಬೋ ಬಿಚ್ಚಿಹೋಗಿ ನೇತಾಡುತ್ತಿತ್ತು. ಟೀಚರು ಅದನ್ನು ಕಟ್ಟಲು ಹೋಗಲಿಲ್ಲ. ಕುರ್ಚಿ ಎಳೆದು ಅವಳ ಎತ್ತರಕ್ಕೆ ಕೂತರು. ಬಾಯಿ ತೆರೆದರು, ಮುಚ್ಚಿದರು. ಮನೆಯಲ್ಲಿ ನೀರಿನ ಹಾಗೆ ಹರಿಯುವ ಮಾತು ಆ ಕೋಣೆಯಲ್ಲಿ ಹೊರಗೆ ಬರಲು ಎಷ್ಟು ಕಷ್ಟಪಟ್ಟಿತು ಎನ್ನುವುದನ್ನು ಫಾಬಿಯಾನಾ ಕಣ್ಣಾರೆ ಕಂಡಳು.

"ನೀ ಓದಿದ್ದ ಕೇಳಿದ್ನವ್ವಾ," ಎಂದರು ಕೊನೆಗೆ, ಗಡಿಮಾತಿನಲ್ಲಿ. "ಭಾಳ ಚಂದ ಓದೀದಿ. ಇದನ್ನ ಆ ಇನ್‌ಸ್ಪೆಕ್ಟರಮ್ಮಗ ಕಳಸ್ಲೇನು?"

ತೈನಾ ಟೀಚರ ಬಾಯನ್ನೇ ನೋಡುತ್ತಿದ್ದಳು. ಮಾತು ಅಲ್ಲಿಂದಲೇ ಬಂತೋ, ಮೇಜಿನ ಮೇಲಿನ ಡಬ್ಬದಿಂದ ಬಂತೋ ಎಂದು ನೋಡುವ ಹಾಗೆ.

"ಕೋಳಿ ತತ್ತಿ ಇಟ್ಟೈತೇನ್ರಿ?" ಎಂದಿತು ಮಗು.

"ಮೂರು ಇಟ್ಟೈತಿ. ಬುಟ್ಟ್ಯಾಗನ."

"ಹುಲ್ಲ ಹಾಕೀರೇನು?"

"ಇಲ್ಲವ್ವಾ. ಇವತ್ತ ಹಾಕ್ತೀನಿ."

ತೈನಾ ಸ್ವಲ್ಪ ಯೋಚಿಸಿದಳು. "ಹಂಗಾರ ಕಳಸ್ರಿ," ಎಂದಳು.

ಟೀಚರು ಎರಡೂ ಕೈಯಿಂದ ಅವಳ ಮುಖ ಹಿಡಿದು ನೆತ್ತಿಗೆ ಮುತ್ತಿಟ್ಟರು. ಆಮೇಲೆ ಎದ್ದು ಹೋಗಿ ಕರಿಹಲಗೆ ಒರೆಸಿದರು, ಒರೆಸುವುದಕ್ಕೆ ಅದರಲ್ಲಿ ಏನೂ ಬರೆದಿರದಿದ್ದರೂ. ಆ ದಿನ ಫಾಬಿಯಾನಾ ಮತ್ತೆ ಯಾವುದನ್ನೂ ಅಳಿಸಲಿಲ್ಲ, ಅಳಿಸಿದ್ದನ್ನೂ ತಿರುಗಿ ಹಾಕಿದಳು. ಹನ್ನೊಂದು ಟ್ಯಾಬ್ಲೆಟ್ಟುಗಳೂ ಮಕ್ಕಳ ಚೀಲಗಳಲ್ಲೇ ಮನೆಗೆ ಹೋದವು.

ಇನ್‌ಸ್ಪೆಕ್ಟರಮ್ಮ ಒಂಬತ್ತು ದಿನ ಸುಮ್ಮನಿದ್ದರು. ಆ ಒಂಬತ್ತು ದಿನ ಫಾಬಿಯಾನಾಳಿಗೆ ಯಾವ ಶಾಲೆಯಲ್ಲೂ ಮನಸ್ಸು ನಿಲ್ಲಲಿಲ್ಲ. ಹತ್ತನೇ ದಿನ ಅವಳಿಗೇ ಫೋನು ಬಂತು. ಮಗು ಅಲ್ಲೇ ಓದಲಿ, ಪಟ್ಟಣಕ್ಕೆ ಕಳಿಸುವ ಅಗತ್ಯವಿಲ್ಲ ಎಂದರು. ಫೋನು ಇಡಲು ಹೋದವರು ತಡೆದು, ಗಡಿಯ ಉಳಿದ ಶಾಲೆಗಳಲ್ಲೂ ಮಕ್ಕಳು ಹೀಗೆ ಮನೆಯವರಿಗೆ ಬಿಡಿಸಿ ಹೇಳುವುದನ್ನು ರೆಕಾರ್ಡು ಮಾಡಿಸಬಹುದೇ, ಆ ಟೀಚರು ಬಂದು ತೋರಿಸಿಕೊಡುತ್ತಾರೆಯೇ ಎಂದು ಕೇಳಿದರು. ನಿಬಿಯಾ ಕಾರ್ದೋಸೊ ಬೇರೆಯವರಿಗೆ ಟ್ಯಾಬ್ಲೆಟ್ಟು ಕಲಿಸುವುದು. ಫಾಬಿಯಾನಾ ಹಾಲಿನ ಲಾರಿಯಲ್ಲಿ ಕೂತು ದಾರಿಯುದ್ದಕ್ಕೂ ಒಬ್ಬಳೇ ನಕ್ಕಳು.

ಅವಳು ತಲುಪಿದಾಗ ಪಾಠ ನಡೆಯುತ್ತಿತ್ತು. ನಡೆಯುತ್ತಿತ್ತು ಎನ್ನುವುದಕ್ಕಿಂತ ನಡೆಸಲು ಟೀಚರು ಹೆಣಗುತ್ತಿದ್ದರು ಎನ್ನಬೇಕು. ತೈನಾ ಪಕ್ಕದ ಹುಡುಗಿಗೆ ಏನೋ ಹೇಳುತ್ತಿದ್ದಳು, ಅದು ಮುಗಿಯುವ ಮೊದಲೇ ಹಿಂದಿನವಳಿಗೆ ಇನ್ನೊಂದು, ಅರ್ಧ ಈ ಮಾತು, ಅರ್ಧ ಆ ಮಾತು, ನಿಲ್ಲಿಸುವ ಲಕ್ಷಣವೇ ಇರಲಿಲ್ಲ. ಟೀಚರು ಬೆತ್ತದ ಕೋಲಿನಿಂದ ಮೇಜು ಕುಟ್ಟಿದರು, ಹುಬ್ಬು ಮೇಲೇರಿಸಿದರು.

"ತೈನಾ," ಎಂದರು ಗಟ್ಟಿಯಾಗಿ.

ಮಗು ತಿರುಗಿ ನೋಡಿತು. ಇಡೀ ತರಗತಿ ಕಾಯಿತು. ಮೂವತ್ತೊಂದು ವರ್ಷದಿಂದ ದಿನಕ್ಕೆ ಐವತ್ತು ಸಲ ಸುಮ್ಮನಿರು ಎಂದ ಬಾಯಿ ಅದು. ಅವತ್ತು ಆ ಮಾತೊಂದು ಮಾತ್ರ ಅವರಿಗೆ ಬರಲಿಲ್ಲ.