ಛತ್ರದವನಿಲ್ಲದ ಕ್ರಿಸ್ಮಸ್

ಹೊಸಕೋಟೆಯ ನಮ್ಮ ಸಣ್ಣ ಚರ್ಚಿನಲ್ಲಿ ಕ್ರಿಸ್ಮಸ್ ನಾಟಕವೆಂದರೆ ಸಂಜೀವಪ್ಪ. ಹುಟ್ಟುವವನು ಯೇಸುವೇ ಆದರೂ ಜನ ಬರುತ್ತಿದ್ದುದು ಸಂಜೀವಪ್ಪನನ್ನು ನೋಡಲು. ಹಳೇ ಮದ್ರಾಸ್ ರಸ್ತೆಯಲ್ಲಿ ಟೀ ಹೋಟೆಲು ನಡೆಸುತ್ತಿದ್ದ ಅವನು ನಾಟಕದಲ್ಲಿ ಬೆತ್ಲೆಹೇಮಿನ ಛತ್ರದ ಯಜಮಾನ. ತುಂಬು ಗರ್ಭಿಣಿ ಮರಿಯಳಿಗೆ ಜಾಗವಿಲ್ಲವೆಂದು ಬಾಗಿಲು ಹಾಕುವುದಷ್ಟೇ ಅವನ ಪಾತ್ರ. ಅದನ್ನು ಅವನು ವರ್ಷದಿಂದ ವರ್ಷಕ್ಕೆ ಬೆಳೆಸಿ, ಅವಳ ಗಂಡ ಯೋಸೇಫನ ಕುಲ, ಕಸುಬು, ಗಡ್ಡ ಎಲ್ಲವನ್ನೂ ಬೈಯುವ ಅರ್ಧ ಗಂಟೆಯ ಆಟ ಮಾಡಿದ್ದ. ಅಕ್ಕಪಕ್ಕದ ಹಿಂದೂ ಮನೆಗಳವರೂ ಆ ಬೈಗುಳ ಕೇಳಲು ಚಾಪೆ ತಂದು ಕೂರುತ್ತಿದ್ದರು.

ಎಪ್ಪತ್ತೊಂದರಲ್ಲಿ ಬಂದ ಹೊಸ ಪಾದ್ರಿ ಜ್ಞಾನಮಿತ್ರ ಅಯ್ಯನವರು ಬೆಂಗಳೂರಿನಲ್ಲಿ ಗ್ರೀಕ್ ಕಲಿತಿದ್ದರು. ಕಲಿತ ಮೇಲೆ ಸುಮ್ಮನಿರುವುದು ಹೇಗೆ? ಬೈಬಲಿನಲ್ಲಿ ಛತ್ರದ ಯಜಮಾನ ಅನ್ನುವವನೇ ಇಲ್ಲ ಎಂದು ಹಿರಿಯರ ಸಭೆಯಲ್ಲಿ ಹೇಳಿದರು. ಹಿರಿಯರು ಪುಟ ತಿರುವಿ ನೋಡಿದರು. ನಿಜಕ್ಕೂ ಇರಲಿಲ್ಲ. ಇಷ್ಟು ವರ್ಷ ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದವರೂ ಅವರೇ. ಛತ್ರವೂ ಅನುಮಾನ ಎಂದರು ಅಯ್ಯನವರು. ಮೂಲದ ಮಾತಿಗೆ ನೆಂಟರು ತಂಗುವ ಕೋಣೆ ಎಂಬ ಅರ್ಥವಿದೆ. ಭಾಷಾಂತರದವರು ಛತ್ರ ಅಂದದ್ದೇ ತಡ, ನಾವು ಬಾಗಿಲು, ಬೀಗ, ಯಜಮಾನ ಎಲ್ಲ ಹುಟ್ಟಿಸಿಕೊಂಡೆವು. ಯೋಸೇಫ ಹೋದದ್ದು ಬಂಧುಗಳ ಮನೆಗೆ. ಕೋಣೆ ತುಂಬಿದ್ದರಿಂದ ಕೂಸನ್ನು ದನಕ್ಕೆ ಮೇವು ಹಾಕುವ ಗೋದಲಿಯಲ್ಲಿ ಮಲಗಿಸಿದರು.

ಹೀಗೆ ಸಂಜೀವಪ್ಪ ಒಂದೇ ಸಂಜೆಯಲ್ಲಿ ಯೋಸೇಫನ ಚಿಕ್ಕಪ್ಪನಾದ. ಬೈಯುವಂತಿಲ್ಲ, ಒಳಗೆ ಕರೆಯಬೇಕು. ಅವನು ಮರುಮಾತಾಡದೆ ಒಪ್ಪಿದ್ದು ಅಯ್ಯನವರಿಗೆ ದೈವಕೃಪೆಯಂತೆ ಕಂಡಿತು. ಅವನ ಹೆಂಡತಿ ಪಾಪಮ್ಮನಿಗೆ ಹಾಗೆ ಕಾಣಲಿಲ್ಲ. ಹೋಟೆಲಿನ ಗಿರಾಕಿಗಳಿಗೂ ಅವನು ಮರ್ಯಾದೆ ಕೊಟ್ಟು ಮಾತಾಡತೊಡಗಿದ್ದನ್ನು ನೋಡಿ ಅವಳಿಗೆ ಗಾಬರಿಯಾಗಿತ್ತು.

ನಾಟಕದ ದಿನ, ಯೋಸೇಫನಾಗಿದ್ದ ದರ್ಜಿ ಮುನಿಸ್ವಾಮಿ ಅಭ್ಯಾಸಬಲದಿಂದ ತಲೆ ತಗ್ಗಿಸಿಕೊಂಡೇ ಬಾಗಿಲು ತಟ್ಟಿದ. ಸಂಜೀವಪ್ಪ ಬಾಗಿಲು ತೆಗೆದು ಮರಿಯಳನ್ನು ನೋಡಿದ. ಕಾಲಿಗೆ ನೀರು ಕೊಟ್ಟ. ಕೋಣೆಯಲ್ಲಿದ್ದ ನೆಂಟರನ್ನೆಲ್ಲ ಎಬ್ಬಿಸಿ ಹೊರಗೆ ಕಳಿಸಿದ, ಮಂಚ ಹಾಕಿಸಿದ, ಸೂಲಗಿತ್ತಿಗೆ ಹೇಳಿಕಳಿಸಿದ. ಗೋದಲಿಯನ್ನು ಕಾಲಿನಿಂದ ಪರದೆಯ ಹಿಂದಕ್ಕೆ ತಳ್ಳಿದ.

ಗೋದಲಿ ಬೇಕು, ಅದು ಬೈಬಲಿನ ವಚನದಲ್ಲಿದೆ ಎಂದು ಅಯ್ಯನವರು ಪರದೆಯ ಸಂದಿಯಿಂದ ಪಿಸುಗುಟ್ಟಿದರು.

ಸಂಜೀವಪ್ಪ ಎಲ್ಲರಿಗೂ ಕೇಳುವಂತೆ ಉತ್ತರ ಕೊಟ್ಟ. "ಅಯ್ನೋರೇ, ಛತ್ರದೋನಾದ್ರೆ ಗುರುತು ಪರಿಚಯ ಇಲ್ದೋರ್ನ ಆಚೆ ಹಾಕ್ತೀನಿ. ಈಗ ನೀವೇ ನನ್ನನ್ನ ನೆಂಟನ್ನಾಗಿ ಮಾಡಿದೀರ. ಮನೆಗೆ ಬಂದ ಬಸುರಿ ಸೊಸೇನ ದನದ ಪಕ್ಕ ಮಲಗಿಸಿದ್ರೆ ಅವಳ ತವರಿನೋರು ನನ್ನ ಸುಮ್ನೆ ಬಿಡ್ತಾರಾ?"

ಹೆಂಗಸರ ಸಾಲು ಹೌದೆಂದು ಗೊಣಗಿತು. ಆ ವರ್ಷ ಯೇಸು ಮಂಚದ ಮೇಲೆ ಹುಟ್ಟಿದ. ಗೋದಲಿಯೇ ನಿಮಗೆ ಗುರುತು ಎಂಬ ದೇವದೂತನ ಮಾತು ಕೇಳಿ ಬಂದ ಕುರುಬರು ವೇದಿಕೆಯೆಲ್ಲ ಹುಡುಕಾಡಿ, ಕೊನೆಗೆ ಪರದೆಯ ಹಿಂದೆ ಅಯ್ಯನವರ ಕಾಲ ಬಳಿ ಬಿದ್ದಿದ್ದ ಖಾಲಿ ಗೋದಲಿಗೇ ಅಡ್ಡಬಿದ್ದರು.

ಮುಂದಿನ ಭಾನುವಾರ ಅಯ್ಯನವರು ಆ ಗ್ರೀಕ್ ಮಾತಿನ ಮೇಲೆ ಚರ್ಚಿನ ಪೀಠದಿಂದ ದೀರ್ಘ ಪ್ರಸಂಗ ಮಾಡಿದರು. ಎಲ್ಲರೂ ತಲೆದೂಗಿ, ಹೊರಗೆ ಬಂದು, ಬರುವ ವರ್ಷದ ಛತ್ರಕ್ಕೆ ಯಾವ ಬಣ್ಣ ಹೊಡೆಯೋಣ ಎಂದು ಕೇಳಿದರು. ಅಯ್ಯನವರು ತಡೆಯಲಿಲ್ಲ.

ಎರಡು ವರ್ಷದ ಮೇಲೆ ಅವರಿಗೆ ಕೋಲಾರದ ಕಡೆಗೆ ವರ್ಗವಾಯಿತು. ಬೀಳ್ಕೊಡುಗೆಯ ಊಟದಲ್ಲಿ ಹಿರಿಯರು ಅವರ ವಿದ್ವತ್ತನ್ನು ಬಾಯಿತುಂಬ ಹೊಗಳಿದರು. ಅಲ್ಲಿಯೂ ನಾಟಕವಿದೆಯೇ ಎಂದು ಪಾಪಮ್ಮ ವಿಚಾರಿಸಿದಳು. ಇದೆಯಂತೆ, ಕೂಸನ್ನು ನೋಡಲು ಮೂಡಣದ ಮೂವರು ರಾಜರು ಕುದುರೆಗಾಡಿಯಲ್ಲೇ ಬರುತ್ತಾರಂತೆ ಎಂದರು ಅಯ್ಯನವರು. ಬೈಬಲಿನಲ್ಲಿ ಅವರು ರಾಜರೂ ಅಲ್ಲ, ಮೂವರೆಂದೂ ಬರೆದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡು ಸುಮ್ಮನೆ ತಿಂದರು.